‘ಇತರೆ’ ಗುಂಡಿಯ ಹಿಂದಿನ ನಿಜ

ಕಾರ್ಖಾನೆಗಳನ್ನು ಡಿಜಿಟಲ್ ಮಾಡಲು ಹೊರಟವರು ಒಂದು ಮಾತನ್ನು ವೇದವಾಕ್ಯದಂತೆ ಹೇಳುತ್ತಾರೆ: ತಪ್ಪು ಮಾಡುವವನು ಮನುಷ್ಯ, ಸೆನ್ಸರ್ ಸುಳ್ಳು ಹೇಳುವುದಿಲ್ಲ, ಕಾರ್ಮಿಕನ ಕೈ ಸೋಕದಷ್ಟೂ ದತ್ತಾಂಶ ಶುದ್ಧ. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ‘ಇಂಡಸ್ಟ್ರಿ 4.0’ ಎಂಬ ಹೆಸರು ಕೇಳಿಬಂದ ಮೇಲಂತೂ ಇದಕ್ಕೆ ಎದುರಾಡುವವರೇ ಕಡಿಮೆ. ನನಗೆ ಈ ಮಾತು ಒಪ್ಪಿಗೆಯಿಲ್ಲ.

ಬೆಂಗಳೂರಿನ ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಪ್ರತಿ ಸಿಎನ್‌ಸಿ ಯಂತ್ರದ ಪಕ್ಕದಲ್ಲೂ ಒಂದು ಟ್ಯಾಬ್. ಯಂತ್ರ ನಿಂತರೆ ಆಪರೇಟರ್ ಕಾರಣ ಒತ್ತಬೇಕು: ಟೂಲ್ ಮುರಿದಿದೆ, ಮೆಟೀರಿಯಲ್ ಇಲ್ಲ, ಕರೆಂಟ್ ಇಲ್ಲ, ಇತರೆ. ಅವತ್ತು ಬಂದ ಕಾಸ್ಟಿಂಗ್ ವಿಪರೀತ ಗಟ್ಟಿ. ಟೂಲಿನ ತುದಿಯಲ್ಲಿ ಕತ್ತರಿಸುವ ಇನ್ಸರ್ಟಿನ ಮೂಲೆ ಹಾರಿಹೋಗಿತ್ತು. ಆಪರೇಟರ್ ಹುಡುಗ ಅದನ್ನು ಅಂಗೈಯಲ್ಲಿಟ್ಟು ತೋರಿಸಿದ. ಕೂಲಂಟಿನಲ್ಲಿ ನೆಂದ ಗ್ಲೌಸ್ ಬಿಚ್ಚಿ, ಬೆರಳು ಪ್ಯಾಂಟಿಗೆ ಒರೆಸಿಕೊಂಡು ‘ಇತರೆ’ ಒತ್ತಿದ. “ಟೂಲ್ ಮುರೀತು ಅಂತ ಒತ್ತಿದ್ರೆ ನನ್ನನ್ನೇ ಕೇಳ್ತಾರೆ ಸಾರ್. ಕಾಸ್ಟಿಂಗ್ ಸರಿಯಿಲ್ಲ ಅನ್ನೋಕೆ ಇಲ್ಲಿ ಗುಂಡೀನೇ ಇಲ್ಲ.” ತಿಂಗಳ ವರದಿಯಲ್ಲಿ ‘ಇತರೆ’ಯ ಕಂಬವೇ ಎಲ್ಲಕ್ಕಿಂತ ಎತ್ತರ. ಮೀಟಿಂಗಿನಲ್ಲಿ ಬಂದ ತೀರ್ಮಾನ: ಆಪರೇಟರ್‌ಗಳಿಗೆ ಶಿಸ್ತಿಲ್ಲ, ಟ್ರೇನಿಂಗ್ ಕೊಡಿ.

ಎಂಥ ಅನ್ಯಾಯ! ಕಾಸ್ಟಿಂಗ್ ಕಳಿಸಿದವನನ್ನು ಯಾರೂ ಕೇಳಲಿಲ್ಲ. ಬೈಗುಳಕ್ಕೆ ಬಳಕೆಯಾಗುವ ದಾಖಲೆಯಲ್ಲಿ ಯಾರೂ ನಿಜ ತುಂಬುವುದಿಲ್ಲ. ನೀವಾಗಲಿ ನಾನಾಗಲಿ ಆ ಜಾಗದಲ್ಲಿದ್ದರೂ ಅದೇ ಗುಂಡಿ ಒತ್ತುತ್ತಿದ್ದೆವು.

ಸೆನ್ಸರ್ ಸುಳ್ಳು ಹೇಳದು ಎಂಬುದೂ ನಿಲ್ಲುವ ಮಾತಲ್ಲ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ ಸುಮಾರು 170 ಅಡಿ ಎತ್ತರದ ಗೋಪುರ ದ್ರವದಿಂದ ತುಂಬುತ್ತಿದ್ದರೆ, ಕಂಟ್ರೋಲ್ ರೂಮಿನ ಪರದೆ ಮಟ್ಟ 10 ಅಡಿಯೊಳಗೇ ಇದೆ, ಇಳಿಯುತ್ತಲೂ ಇದೆ ಎಂದು ತೋರಿಸುತ್ತಿತ್ತು. ಉಪಕರಣದ ಕ್ಯಾಲಿಬ್ರೇಷನ್ ತಪ್ಪಿತ್ತು. ಸ್ಫೋಟದಲ್ಲಿ 15 ಜನ ಸತ್ತರು. ಮಾಹಿತಿ ಅತಿಯಾದರೂ ಅಪಾಯವೇ: ಅದಕ್ಕೂ ಮುಂಚೆ, 1994ರ ಜುಲೈಯಲ್ಲಿ ವೇಲ್ಸ್‌ನ ಮಿಲ್ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂಗಳು ಬಂದು ಬಿದ್ದವು. ಸುಮಾರು ಎರಡೂವರೆ ಸೆಕೆಂಡಿಗೊಂದು! ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಮಾಹಿತಿ ಹೆಚ್ಚಾದಷ್ಟೂ ಒಳ್ಳೆಯದು ಎನ್ನುವವರು ಒಮ್ಮೆ ಆ ಕುರ್ಚಿಯಲ್ಲಿ ಕೂತಂತೆ ನೆನೆಸಿಕೊಳ್ಳಲಿ.

ಹಾಗೆಂದು ಹಳೆಯ ಲಾಗ್‌ಬುಕ್ಕಿಗೆ ಮರಳಿ ಎನ್ನುತ್ತಿಲ್ಲ. ಬೇರಿಂಗ್ ಸವೆಯುತ್ತಿರುವುದನ್ನು ಕಂಪನದ ಸೆನ್ಸರ್ ನಮ್ಮ ಕಿವಿಗಿಂತ ಎಷ್ಟೋ ಮೊದಲೇ ಹಿಡಿಯುತ್ತದೆ, ಅದು ಬೇಕು. ಆದರೆ ಆ ಸಂಖ್ಯೆಗೆ ಅರ್ಥ ಕೊಡುವವನು ಯಂತ್ರದ ಮುಂದೆ ನಿಂತವನು. ಟೊಯೋಟಾ ಇದನ್ನು ಕಂಪ್ಯೂಟರ್ ಕಾಲಕ್ಕೆ ಮುಂಚೆಯೇ ಅರಿತಿತ್ತು: ದೋಷ ಕಂಡ ಕಾರ್ಮಿಕ ಹಗ್ಗ ಎಳೆದರೆ ಟೀಮ್ ಲೀಡರ್ ಓಡಿ ಬರಬೇಕು, ಅಗತ್ಯಬಿದ್ದರೆ ಲೈನೇ ನಿಲ್ಲಬೇಕು. ಅಲ್ಲಿ ತೊಂದರೆ ಹೇಳುವುದು ಅವನ ಕೆಲಸದ ಭಾಗ. ನಮ್ಮ ಟ್ಯಾಬುಗಳಲ್ಲಿ ಅದು ತಪ್ಪೊಪ್ಪಿಗೆಯಾಗಿಬಿಟ್ಟಿದೆ.

ಕಾರ್ಖಾನೆ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಸಾಫ್ಟ್‌ವೇರಿಗೆ ಸಹಿ ಹಾಕುವ ಮುನ್ನ ಒಂದು ನೈಟ್ ಶಿಫ್ಟ್ ಪೂರ್ತಿ ಯಂತ್ರದ ಪಕ್ಕ ನಿಲ್ಲಿ. ಆಮೇಲೆ ಕಾರಣಗಳ ಪಟ್ಟಿಯನ್ನು ಆಪರೇಟರ್ ಕೈಯಲ್ಲೇ ಬರೆಸಿ.