‘ಜ್ಯೋತಿ’: ಅತಿಥಿಯ ದನಿ

ಭಿನ್ನ ಸಂಪ್ರದಾಯದ ಕಲಾವಿದರು ಕೂಡಿ ನುಡಿಸಿದೊಡನೆ ಅದನ್ನು ‘ಸಂಗಮ’ವೆಂದು ಹೊಗಳುವುದು ವಾಡಿಕೆ. ಯಾರು ಯಾರ ಮನೆಗೆ ಬಂದರು, ಅಲ್ಲಿ ಹೇಗೆ ನಡೆದುಕೊಂಡರು ಎಂಬ ವಿಚಾರವನ್ನು ವಿಮರ್ಶೆ ಎತ್ತುವುದು ವಿರಳ. ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು.

ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಕಲಾವಿದರೊಡನೆ ಬಾಸ್ಟನ್ ಸಂಜಾತ ಜಾಸ್ ವಾದಕ ಚಾರ್ಲಿ ಮರಿಯಾನೊ ಇಲ್ಲಿ ಕೂಡಿದ್ದಾರೆ. ಆರಂಭದಲ್ಲಿ ಕೇಳಿಬರುವುದು ಗಾಯಕಿಯೂ ಸ್ವರಸಂಯೋಜಕಿಯೂ ಆದ ಆರ್.ಎ. ರಮಾಮಣಿಯವರ ಕಂಠವೊಂದೇ. ಆತಿಥೇಯರ ನುಡಿ ನೆಲೆಗೊಂಡ ಬಳಿಕವೇ ಅತಿಥಿಯ ಪ್ರವೇಶ. ಈ ಕ್ರಮದಲ್ಲಿಯೇ ಕೃತಿಯ ಔಚಿತ್ಯವಿದೆ.

ಸ್ಯಾಕ್ಸೊಫೋನಿನಲ್ಲಿ ಕೀಲಿಗಳು ಸ್ವರವನ್ನು ಬಿಡಿಬಿಡಿಯಾಗಿ ನಿಲ್ಲಿಸುತ್ತವೆ. ಗಮಕವಾದರೋ ಸ್ವರದಿಂದ ಸ್ವರಕ್ಕೆ ಜಾರಬೇಕು. ಕದ್ರಿ ಗೋಪಾಲನಾಥರು ಆ ವಾದ್ಯವನ್ನೇ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಮರಿಯಾನೊ ಅವರದು ಬೇರೆಯ ಹಾದಿ. ನಾಗಸ್ವರವನ್ನೂ ಅಭ್ಯಸಿಸಿದ್ದ ಅವರು ರಾಗತಾಳಗಳ ಕಟ್ಟಿಗೆ ಮಣಿಯುತ್ತಾರೆ, ಆದರೆ ತಮ್ಮ ಜಾಸ್ ಉಚ್ಚಾರಣೆಯನ್ನು ಮರೆಮಾಚುವುದಿಲ್ಲ. ಮನೋಧರ್ಮಕ್ಕೆ ಎರಡು ಸಂಪ್ರದಾಯಗಳಲ್ಲಿಯೂ ಸ್ಥಾನವುಂಟಾದುದರಿಂದ ಈ ಸಂವಾದ ಸಾಧ್ಯವಾಯಿತು. ಮುದ್ರಣದ ಅತಿಯಾದ ನುಣುಪು ಮಾತ್ರ ಘಟ-ಖಂಜಿರಗಳ ಮಣ್ಣು-ತೊಗಲಿನ ಸೊಗಡನ್ನು ಕೊಂಚ ದೂರವಿರಿಸಿದೆ.

ಮಿಯಾಪುರದಂತಹ ಬಡಾವಣೆಯಲ್ಲಿ ತೆಲುಗು, ಉರ್ದುಗಳ ನಡುವೆ ಬಾಳುವ ಕನ್ನಡಿಗನಿಗೆ ಈ ಕೃತಿ ಕೇವಲ ಶ್ರವಣಸುಖವಲ್ಲ. ನೆರೆಯವರ ವ್ಯಾಕರಣವನ್ನು ಶ್ರದ್ಧೆಯಿಂದ ಕಲಿಯುವುದು ಶರಣಾಗತಿಯಲ್ಲ; ತನ್ನ ದನಿಯನ್ನು ಉಳಿಸಿಕೊಳ್ಳುವುದು ಹಟಮಾರಿತನವೂ ಅಲ್ಲ. ಎರಡನ್ನೂ ಏಕಕಾಲಕ್ಕೆ ಸಾಧಿಸುವುದು ಕಷ್ಟವಾದರೂ ಅಸಾಧ್ಯವಲ್ಲವೆಂಬುದಕ್ಕೆ ‘ಜ್ಯೋತಿ’ ನಿದರ್ಶನ.