ಪೂರ್ಣಯ್ಯನನ್ನು ತೂಗುವ ತಕ್ಕಡಿ

ದ್ರೋಹಕ್ಕೂ ಧರ್ಮ ಇರುತ್ತದೆಯೆ? ನಮ್ಮ ಟಿಪ್ಪು ನಾಟಕಗಳನ್ನು, ವೇದಿಕೆಯ ಭಾಷಣಗಳನ್ನು ಕೇಳಿದಾಗ ಈ ಪ್ರಶ್ನೆ ಏಳುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದದ್ದಕ್ಕೆ ಕೆಲವರು ಮೀರ್ ಸಾದಿಕ್‌ನನ್ನು ಬೈಯುತ್ತಾರೆ, ಕೆಲವರು ಪೂರ್ಣಯ್ಯನನ್ನು. ಸಂಬಳ ಹಂಚುವ ನೆಪದಲ್ಲಿ ಸಿಪಾಯಿಗಳನ್ನು ಕೋಟೆಗೋಡೆಯಿಂದ ಕರೆಸಿದರೆಂಬ ಒಂದೇ ಆರೋಪ, ಹೇಳುವವರು ಬದಲಾದಂತೆ ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ದಾಟುತ್ತದೆ.

ಉರ್ದು ಓದಿದವರಿಗೆ ಸಾದಿಕ್ ಎಂಬುದು ಹೆಸರಲ್ಲ, ಬೈಗುಳ. ಇಕ್ಬಾಲರು 1932ರ 'ಜಾವೇದ್ ನಾಮಾ'ದಲ್ಲಿ ಅವನನ್ನು ಬಂಗಾಳದ ಮೀರ್ ಜಾಫರನ ಜೊತೆ, ನರಕವೂ ಸೇರಿಸಿಕೊಳ್ಳದ ಪಾಪಿಗಳ ಸಾಲಿನಲ್ಲಿ ಇಟ್ಟರು. ಸ್ವಂತ ಸಮುದಾಯದವರ ಬಗ್ಗೆ ಇಷ್ಟು ಕಠಿಣವಾಗಿ ಬರೆಯುವುದು ಸಣ್ಣ ಮಾತಲ್ಲ. ಆದರೆ ಸಾದಿಕ್‌ನನ್ನು ಮೈಸೂರಿನ ಸಿಪಾಯಿಗಳೇ ಅಂದು ಕೊಂದರು. ಪೂರ್ಣಯ್ಯ 1812ರವರೆಗೆ ಬದುಕಿದ. ಅವನನ್ನು ಒಂದು ದಿನದ ಮೇಲೆ ತೀರ್ಮಾನಿಸಲು ಬರುವುದಿಲ್ಲ.

ಹೈದರ್ 1782ರ ಡಿಸೆಂಬರಿನಲ್ಲಿ ದಂಡಿನ ಬಿಡಾರದಲ್ಲಿ ತೀರಿಕೊಂಡಾಗ, ಟಿಪ್ಪು ಬರುವ ತನಕ ಸುದ್ದಿ ಹೊರಬೀಳದಂತೆ ಕಾಯ್ದವರಲ್ಲಿ ಪೂರ್ಣಯ್ಯನೂ ಒಬ್ಬ. ಕೋಟೆ ಬಿದ್ದ ಮೇಲೆ ಅವನು ಇಂಗ್ಲಿಷರ ಮುಂದೆ ಇಟ್ಟ ಸಲಹೆ, ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನು ಗಾದಿಗೆ ಕೂರಿಸಿ ಎಂಬುದಾಗಿತ್ತು. ಅವರು ಒಪ್ಪಲಿಲ್ಲ. ಪೂರ್ಣಯ್ಯನನ್ನು ದ್ರೋಹಿ ಎನ್ನುವವರು ಈ ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ.

ಹೊಗಳುವವರು ಬಿಡುವುದೂ ಕಡಿಮೆಯಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾಗಿ 1811ರವರೆಗೆ ಅವನು ನಡೆಸಿದ ರಾಜ್ಯ, ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಿತ್ತು. ಅದು ರೈತರ ಕಂದಾಯದಿಂದಲೇ ಬರಬೇಕಿತ್ತಲ್ಲವೆ? 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಲ್ಲಿನ ಸೇತುವೆ ಕಟ್ಟಿಸಿದ, ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ. 1807ರಲ್ಲಿ ಯಳಂದೂರು ಜಹಗೀರು ಬಂತು. ಅದಕ್ಕೂ ಒಂದು ವರ್ಷ ಮೊದಲು, ವೆಲ್ಲೂರಿನ ಸಿಪಾಯಿ ದಂಗೆಯ ನಂತರ, ಟಿಪ್ಪುವಿನ ಮಕ್ಕಳನ್ನು ದೂರದ ಕಲ್ಕತ್ತಕ್ಕೆ ಸಾಗಿಸಲಾಗಿತ್ತು.

ನಮ್ಮ ಕಡೆಗೂ ಈ ಕತೆಯ ಎಳೆ ಇದೆ. ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಇಂಗ್ಲಿಷರ ವಿರುದ್ಧ ದಂಡು ಕಟ್ಟಿದ ಧೋಂಡಿಯಾ ವಾಘನನ್ನು 1800ರಲ್ಲಿ ಆರ್ಥರ್ ವೆಲ್ಲೆಸ್ಲಿ ಬೆನ್ನಟ್ಟಿದ್ದು ಈ ಸೀಮೆಯಲ್ಲೇ. ಜುಲೈನಲ್ಲಿ ಡಂಬಳದ ಕೋಟೆ ಬಿತ್ತು, ಸೆಪ್ಟೆಂಬರಿನಲ್ಲಿ ವಾಘ ಸತ್ತ. ಆ ದಂಡಿಗೆ ಸರಬರಾಜು ಮಾಡಿದವನು ಪೂರ್ಣಯ್ಯ.

ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು ಬಿಬಿಸಿ ರೇಡಿಯೋಗಾಗಿ ಬರೆದ ಟಿಪ್ಪುವಿನ ಕನಸುಗಳ ನಾಟಕದಲ್ಲಿ ಕಿರ್ಮಾನಿಯ ಮೂಲಕ ಕತೆ ಹೇಳಿಸಿದರು. ಒಡೆಯನನ್ನು ಕಳೆದುಕೊಂಡು, ಗೆದ್ದವರ ಜೊತೆ ಕುಳಿತು ಅದೇ ಒಡೆಯನ ಚರಿತ್ರೆ ಬರೆಯಬೇಕಾದವನ ಸಂಕಟ ಅದು. ಪೂರ್ಣಯ್ಯನ ಸಂಕಟವೂ ಅದೇ ಜಾತಿಯದು. ಆದರೆ ನಮ್ಮ ಬಹುಪಾಲು ನಾಟಕಗಳಿಗೆ ಖಳ ಬೇಕು, ಇಲ್ಲವೆ ಸಂತ ಬೇಕು. ಆಳುವವರು ಬದಲಾದರೂ ಕಂದಾಯ ಎತ್ತುವ, ಲೆಕ್ಕ ಬರೆಯುವ ಕೆಲಸ ನಿಲ್ಲದಂತೆ ನೋಡಿಕೊಂಡ ಅಧಿಕಾರಿ ಅವುಗಳಿಗೆ ಬೇಡ.

ಟಿಪ್ಪುವಿನ ಮಂತ್ರಿ ಬ್ರಾಹ್ಮಣ ಎಂದು ಸೌಹಾರ್ದದ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಸೋಲಿನ ಮಾತು ಬಂದ ಕೂಡಲೇ ಅದೇ ಜಾತಿಯನ್ನು ಬೊಟ್ಟು ಮಾಡಿ ತೋರಿಸುತ್ತೇವೆ. ಸಾದಿಕ್‌ನ ತಪ್ಪಿಗೆ ಮುಸ್ಲಿಮರೆಲ್ಲ ಹೊಣೆಯಲ್ಲ ಎಂದ ಮೇಲೆ, ಪೂರ್ಣಯ್ಯನ ನಡೆಗೆ ಅವನ ಜಾತಿಯಲ್ಲಿ ಕಾರಣ ಹುಡುಕುವುದು ಯಾವ ನ್ಯಾಯ? ಅವನ ಲೆಕ್ಕವನ್ನು ಅವನ ಕೆಲಸದಿಂದಲೇ ಕೇಳಬೇಕು. ಆ ಸೇತುವೆಯನ್ನೂ ಆ 7 ಲಕ್ಷ ವರಹವನ್ನೂ ಒಟ್ಟಿಗೆ ಇಟ್ಟು ನೋಡುವ ನಾಟಕ ಕನ್ನಡಕ್ಕೆ ಬೇಕಾಗಿದೆ.