ಹಾರ್ಡ್‌ವೇರ್ ಅಂಗಡಿ ಬೋರ್ಡು ಮತ್ತು ಕಾಣದ ಒಂದು ಕೀ

ಊರಲ್ಲಿ ಚಿಕ್ಕಪ್ಪ ಸಿಮೆಂಟು, ಪೈಪು, ಮೊಳೆ ಮಾರೋ ಅಂಗಡಿ ಇಟ್ಟರು. ಫ್ಲೆಕ್ಸ್ ಡಿಸೈನ್ ನನ್ನ ತಲೆಗೆ ಬಂತು. ನನ್ನ ಲಿನಕ್ಸ್ ಲ್ಯಾಪ್‌ಟಾಪಲ್ಲಿ ಕಗಪ ವಿನ್ಯಾಸದಲ್ಲಿ ಟೈಪ್ ಮಾಡಿ ಪಿಡಿಎಫ್ ಕಳಿಸಿದೆ. ಬೋರ್ಡು ಮೇಲೇರಿದ ಮೇಲೆ ಫೋನು. “ಏನೋ ಇದು, ‘ಹಾರ್ಡ್ವೇರ್’ ಅಂತ ಬಂದೈತೆ? ‘ಡ’ಗೆ ‘ವ’ ಯಾಕೆ ನೇತಾಡ್ತೈತೆ? ಸಾಫ್ಟ್‌ವೇರ್ ಓದಿದ್ದಷ್ಟೇ ಅಂತ ಜನ ನಗ್ತವ್ರೆ.”

ತಪ್ಪು ಲಿನಕ್ಸ್‌ದಲ್ಲ. ‘ಡ್’ ಆದ ಮೇಲೆ ‘ವ’ ಬಂದರೆ ಒತ್ತಾಗೋದು ಕನ್ನಡದ ನಿಯಮ. ಅದನ್ನು ತಡೆಯೋಕೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು: ಜೀರೋ ವಿಡ್ತ್ ನಾನ್-ಜಾಯ್ನರ್, ಯುನಿಕೋಡ್ ಸಂಖ್ಯೆ 200ಸಿ. ಲ್ಯಾಪ್‌ಟಾಪ್, ಸಾಫ್ಟ್‌ವೇರ್, ರಾಜ್‌ಕುಮಾರ್ ಎಲ್ಲಕ್ಕೂ ಇದು ಬೇಕು. ನಮ್ಮ ಆಫೀಸ್ ಕನ್ನಡದಲ್ಲಂತೂ ಸಾಲಿಗೊಂದು ಸಲ. ಆದರೆ ಯಾವ ಕೀ ಮೇಲೂ ಇದರ ಗುರುತಿಲ್ಲ.

ಕ್ಯಾಪ್ಸ್ ಲಾಕ್ ಇದೆಯಲ್ಲ ಅನ್ನಿಸಿತು. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಕೈಗೆ ಸಿಗೋ ಜಾಗದಲ್ಲಿ ದಂಡಕ್ಕೆ ಕೂತಿದೆ. ಎಕ್ಸ್‌ಮಾಡ್‌ಮ್ಯಾಪ್‌ನಲ್ಲಿ ಲಾಕ್ ತೆಗೆದು, 66ನೇ ಕೀಗೆ 200ಸಿ ಕೊಟ್ಟೆ. (ಕರ್ನಲ್ ಪ್ರಕಾರ ಅದು 58, ಎಕ್ಸ್ ಅದಕ್ಕೆ 8 ಸೇರಿಸಿ 66 ಅನ್ನುತ್ತೆ. ಯಾಕೆ 8 ಅಂತ ಕೇಳಬೇಡಿ, ಹಳೇ ಕಥೆ.) ಕೆಲಸ ಮಾಡ್ತು. ಹೊರಗಿನ ಕೀಬೋರ್ಡ್ ಚುಚ್ಚಿದೆ, ಎಲ್ಲ ಅಳಿಸಿಹೋಯ್ತು. ವೇಲ್ಯಾಂಡ್‌ಗೆ ಬದಲಾದ ಮೇಲಂತೂ ಆ ಕಮಾಂಡು ಹಳೇ ಎಕ್ಸ್ ಪ್ರೋಗ್ರಾಮುಗಳಿಗಷ್ಟೇ ತಲುಪುತ್ತೆ.

ಲಿನಕ್ಸ್‌ನಲ್ಲಿ ಯಾವ ಕೀಯನ್ನಾದರೂ ಏನು ಬೇಕಾದರೂ ಮಾಡ್ಕೋಬಹುದು ಅಂತೀವಿ. ನಿಜ. ಆದರೆ ಒಂದು ಕೀ ಒತ್ತು ಪರದೆ ತಲುಪೋಕೆ ಕರ್ನಲ್, ಯುಡೆವ್‌ನ ಹಾರ್ಡ್‌ವೇರ್ ಪಟ್ಟಿ, ಎಕ್ಸ್‌ಕೆಬಿ, ಡೆಸ್ಕ್‌ಟಾಪು ಅಂತ ತಾಲ್ಲೂಕು ಕಚೇರಿ ಥರ ಮೇಜಿಂದ ಮೇಜಿಗೆ ಹೋಗಬೇಕು. ನಿಮ್ಮ ಅರ್ಜಿ ಯಾವ ಮೇಜಿಗೆ ಸೇರಿದ್ದು ಅಂತ ಮೊದಲು ನಿಮಗೇ ಗೊತ್ತಿರಬೇಕು. ಎಷ್ಟೋ ಲ್ಯಾಪ್‌ಟಾಪುಗಳ ಎಫ್‌ಎನ್ ಕೀ ಅಂತೂ ಕೀಬೋರ್ಡಿನ ಒಳಗೇ ಮುಗಿದುಹೋಗುತ್ತೆ, ಕರ್ನಲ್‌ಗೆ ಸುದ್ದಿನೇ ಬರಲ್ಲ.

ಸಿಟ್ಟು ಬಂದಿದ್ದು ಇದಕ್ಕಲ್ಲ. ನನಗೆ ಬೇಕಾಗಿದ್ದು ಮೊದಲಿನಿಂದಲೂ ಅಲ್ಲೇ ಇತ್ತು! ಗ್ನೋಮ್ ಟ್ವೀಕ್ಸ್‌ನಲ್ಲಿ ಕೀಬೋರ್ಡ್, ಅಡಿಷನಲ್ ಲೇಔಟ್ ಆಪ್ಷನ್ಸ್, ಅದರೊಳಗೆ ‘ನಾನ್-ಬ್ರೇಕಿಂಗ್ ಸ್ಪೇಸ್ ಇನ್‌ಪುಟ್’. ಅಲ್ಲಿ ‘ಎರಡನೇ ಲೆವೆಲ್‌ನಲ್ಲಿ ಜೀರೋ ವಿಡ್ತ್ ನಾನ್-ಜಾಯ್ನರ್’ ಅಂತ ಒಂದು ಸಾಲು. ಎರಡನೇ ಲೆವೆಲ್ ಅಂದರೆ ಶಿಫ್ಟ್ ಅಂತ ಬಿಡಿಸಿಕೊಂಡು ಓದಬೇಕು. ಟಿಕ್ ಮಾಡಿದರೆ ಶಿಫ್ಟ್ ಮತ್ತು ಸ್ಪೇಸ್ ಒತ್ತಿದಾಗ ಅದೃಶ್ಯ ಅಕ್ಷರ ಹಾಜರ್. ಪರ್ಷಿಯನ್ ಬರೆಯೋರಿಗೆ ಅದನ್ನು ಹುಡುಕೋ ಕಷ್ಟವೇ ಇಲ್ಲ, ಅವರ ಸ್ಟ್ಯಾಂಡರ್ಡ್ ಕೀಬೋರ್ಡಲ್ಲೇ ಶಿಫ್ಟ್-ಸ್ಪೇಸ್‌ಗೆ ಇದೇ ಕೆಲಸ. ನಮಗೆ ಮಾತ್ರ, ಒತ್ತಿನ ತೊಂದರೆಗೆ ಪರಿಹಾರ ಸ್ಪೇಸ್ ಬಾರ್ ವಿಭಾಗದಲ್ಲಿದೆ ಅಂತ ಹೊಳೀಬೇಕು. ಅಡುಗೆಮನೇಲಿ ಉಪ್ಪನ್ನು ‘ಖನಿಜಗಳು’ ಅಂತ ಚೀಟಿ ಅಂಟಿಸಿ ಇಟ್ಟ ಹಾಗೆ.

ಅಷ್ಟಾದರೂ ಪೂರ್ತಿ ಸುಖವಿಲ್ಲ. ಈ ಆಯ್ಕೆ ಕನ್ನಡಕ್ಕೆ ಮಾತ್ರ ಅಂತ ಮೆನುವಿನಲ್ಲಿ ಹೇಳೋಕಾಗಲ್ಲ, ಇಂಗ್ಲಿಷಿಗೂ ಅನ್ವಯ. ಅವಸರದಲ್ಲಿ ಕೋಡ್ ಬರೆಯುವಾಗ ಶಿಫ್ಟ್ ಬಿಡೋ ಮುಂಚೆ ಸ್ಪೇಸ್ ಒತ್ತಿದೆ, ಕಾಣದ ಅಕ್ಷರ ಸಿ ಫೈಲಿನೊಳಗೆ ನುಸುಳಿ ಕಂಪೈಲರ್ ಬೈದು ಕೂತಿತು. ಅರ್ಧ ಗಂಟೆ ಸರಿಯಾಗಿಯೇ ಇರೋ ಸಾಲನ್ನು ದಿಟ್ಟಿಸಿದ್ದೇನೆ. ಭಾಷೆಗೊಂದು ಆಯ್ಕೆ ಇಡಲಿ ಅನ್ನೋದು ಅತಿಯಾಸೆ ಅಲ್ಲ. ಹೆಸರಾದರೂ ಮನುಷ್ಯರು ಹುಡುಕೋ ಥರ ಇಡಬಹುದು. ಅದಕ್ಕೆ ಕೋಡೂ ಬೇಕಿಲ್ಲ.

ಹೊಸ ಪಿಡಿಎಫ್ ಮಾಡಿ ಚಿಕ್ಕಪ್ಪಂಗೆ ಕಳಿಸಿದೆ. “ಈಗ್ಲೇ ಬ್ಯಾಡ ಬಿಡಪ್ಪ, ಮಳೆಗಾಲ ಮುಗೀಲಿ. ಆ ಫ್ಲೆಕ್ಸು ಹೆಂಗೂ ಹರಿಯುತ್ತೆ” ಅಂದರು.